ಸಂತೆಗೆ ಯಾವ ಪೆನ್ನು ಒಯ್ಯಬೇಕು? ಮೊದಲು ರೀಫಿಲ್ ನೋಡಿ

ಲೇತಿನಲ್ಲಿ ಪೆನ್ನು ಮಾಡಲು ಕಲಿತವರು ಮೊದಲ ಕರಕುಶಲ ಮೇಳಕ್ಕೆ ಸಾಮಾನ್ಯವಾಗಿ ಹೊತ್ತೊಯ್ಯುವುದು ಸ್ಲಿಮ್‌ಲೈನ್ ಎಂಬ ಸಪೂರ ಪೆನ್ನು. ಅದರ ಕಿಟ್, ಅಂದರೆ ಮರ ಬಿಟ್ಟು ಉಳಿದ ಬಿಡಿಭಾಗಗಳ ಪೊಟ್ಟಣ, ಅಗ್ಗ, 7 ಮಿ.ಮೀ. ಡ್ರಿಲ್ ಬಿಟ್ ಒಂದಿದ್ದರೆ ಕೆಲಸ ನಡೆಯುತ್ತದೆ, ಒಂದು ಭಾನುವಾರ ಕೂತರೆ ಏಳೆಂಟು ಆಗುತ್ತವೆ. ಮೇಜಿನ ಮೇಲೆ ಸಾಲಾಗಿಟ್ಟರೆ ಚೆಂದವಾಗಿಯೂ ಕಾಣುತ್ತವೆ. ತೊಂದರೆ ಶುರುವಾಗುವುದು ಆರು ತಿಂಗಳ ಮೇಲೆ, ಇಂಕು ಮುಗಿದಾಗ. ಅದರೊಳಗೆ ಇರುವುದು ಕ್ರಾಸ್ ಮಾದರಿಯ ಸಪೂರ ರೀಫಿಲ್, ಬಾಲದಲ್ಲಿ ತಿರುಪಿರುವ ಪ್ಲಾಸ್ಟಿಕ್ ತುಂಡು. ಊರಿನ ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ "ಇಂಥದ್ದು ನಮ್ಮಲ್ಲಿ ಬರಲ್ಲ" ಅನ್ನುತ್ತಾರೆ. ಸಿಕ್ಕಿದರೂ ಬೆಲೆ ಕೇಳಿ ಗಿರಾಕಿ ವಾಪಸ್ ಬರುತ್ತಾರೆ. ಕೈಯಲ್ಲಿ ಮಾಡಿದ್ದಲ್ಲವೆ, ಎಸೆಯಲು ಮನಸ್ಸು ಬರದು. ಪೆನ್ನು ಡ್ರಾಯರ್ ಸೇರುತ್ತದೆ. ಜೇಬಿನಲ್ಲಿರುವ ಪೆನ್ನು ನೋಡಿ "ಎಲ್ಲಿ ತಗೊಂಡ್ರಿ?" ಎಂದು ಇನ್ನೊಬ್ಬರು ಕೇಳಬಹುದು, ಡ್ರಾಯರಿನಲ್ಲಿರುವುದನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ ಮಾರುವ ಪೆನ್ನಿನ ಆಯ್ಕೆ ಮರದಿಂದಲೋ ಬಣ್ಣದಿಂದಲೋ ಶುರುವಾಗಬಾರದು. ರೀಫಿಲ್‌ನಿಂದ ಶುರುವಾಗಬೇಕು.

ನಮ್ಮಲ್ಲಿ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಕೇಳಬಹುದಾದ ಲೋಹದ ರೀಫಿಲ್ ಎಂದರೆ ಪಾರ್ಕರ್ ಮಾದರಿಯದು. ಅದರ ಅಳತೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಐಎಸ್‌ಒ 12757-2ರಲ್ಲಿ ಅದರ ಹೆಸರು ಜಿ2, ಉದ್ದ 98 ಮಿ.ಮೀ. ಹಲವು ಕಂಪನಿಗಳು ಮಾಡುತ್ತವೆ. ಬಾಲ್ ಬೇಕಾದರೆ ಬಾಲ್, ಜೆಲ್ ಬೇಕಾದರೆ ಜೆಲ್. ಒಂದು ಗೊಂದಲವಿದೆ: ಪೈಲಟ್ ಕಂಪನಿಯ ಜಿ2 ಎಂಬ ಜೆಲ್ ಪೆನ್ನಿಗೂ ಇದಕ್ಕೂ ಸಂಬಂಧವಿಲ್ಲ. ಅದರ ರೀಫಿಲ್ ಉದ್ದ, ಇದರೊಳಗೆ ಕೂರದು. ಆದ್ದರಿಂದ ಪೆನ್ನಿನ ಜೊತೆ ಕೊಡುವ ಚೀಟಿಯಲ್ಲಿ ಜಿ2 ಎಂದು ಬರೆಯದೆ "ಪಾರ್ಕರ್ ಮಾದರಿ ರೀಫಿಲ್" ಎಂದೇ ಬರೆಯಿರಿ. ಇಂಗ್ಲಿಷಿನಲ್ಲೂ ಬರೆದಿರಿ, ಅಂಗಡಿಯವರಿಗೆ ತೋರಿಸಲು ಬೇಕಾಗುತ್ತದೆ.

ಈ ರೀಫಿಲ್ ಹಿಡಿಯುವ ಕಿಟ್‌ಗಳಲ್ಲಿ ಮೇಳಕ್ಕೆ ಒಗ್ಗುವುದು ಮುಖ್ಯವಾಗಿ ಮೂರು: ಸಿಯೆರಾ, ಸಿಗಾರ್, ಬೋಲ್ಟ್ ಆಕ್ಷನ್. ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ಸಿಯೆರಾ. ಮರದ ತೂತಿನೊಳಗೆ ಅಂಟಿಸುವ ಹಿತ್ತಾಳೆ ಟ್ಯೂಬು ಅದಕ್ಕೆ ಒಂದೇ. ಎರಡು ತುಂಡಿನ ಪೆನ್ನಿನಲ್ಲಿ ಮೇಲಿನ ಕೆಳಗಿನ ಮರದ ಗೆರೆ ಹೊಂದಿಸುವ ಗೋಳು ಇಲ್ಲಿಲ್ಲ, ನಡುವಿನ ಉಂಗುರವಿಲ್ಲ, ಕೊರೆಯುವುದು ಒಂದೇ ಸಲ. ಮರದ ಚೆಲುವು ತುಂಡಾಗದೆ ಉದ್ದಕ್ಕೂ ಕಾಣುತ್ತದೆ. ತೊಡಕಿರುವುದು ಡ್ರಿಲ್ಲಿನಲ್ಲಿ. ಕಿಟ್ ಕೇಳುವುದು 27/64 ಇಂಚು, ಅಂದರೆ ಸುಮಾರು 10.7 ಮಿ.ಮೀ. ನಮ್ಮ ಹಾರ್ಡ್‌ವೇರ್ ಅಂಗಡಿಯವರು 10.5 ಕೊಡುತ್ತಾರೆ, ಇಲ್ಲವೆ 11. 10.5ರ ತೂತಿನಲ್ಲಿ ಅಂಟಿಗೆ ಜಾಗವಿರದೆ ಟ್ಯೂಬು ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ. 11ರಲ್ಲಿ ಟ್ಯೂಬು ಅಲ್ಲಾಡುತ್ತದೆ, ಒಂದು ಬದಿಗೆ ಅಂಟು ದಪ್ಪ, ಇನ್ನೊಂದು ಬದಿಗೆ ಖಾಲಿ. ಖಾಲಿ ಇರುವ ಕಡೆ ಉಳಿ ತಾಗಿದಾಗ ಮರ ಹಾರಿಹೋಗುತ್ತದೆ. ಸರಿಯಾದ ಬಿಟ್ ತರಿಸಿಕೊಳ್ಳಿ, ಎರಡು ತರಿಸಿಕೊಳ್ಳಿ.

ಸಿಗಾರ್‌ಗೆ 10 ಮಿ.ಮೀ. ಬಿಟ್ ಸಾಕು. ದಪ್ಪ, ತೂಕದ ಪೆನ್ನು. ಎತ್ತಿ ನೋಡಿದವರಲ್ಲಿ ಕೆಲವರು ತಕ್ಷಣ ಕೆಳಗಿಡುತ್ತಾರೆ, ಕೆಲವರು ಕೆಳಗಿಡುವುದೇ ಇಲ್ಲ. ಬೆರಳ ಗಂಟು ನೋಯುವ ಹಿರಿಯರಿಗೆ ದಪ್ಪ ಹಿಡಿಕೆ ಹಿತ, ಹಾಗಾಗಿ ನಿವೃತ್ತಿಯ ಉಡುಗೊರೆ ಹುಡುಕುವವರಿಗೆ ಇದನ್ನು ತೋರಿಸಿ. ಬೋಲ್ಟ್ ಆಕ್ಷನ್ ಕಥೆಯೇ ಬೇರೆ. ಬಂದೂಕಿನ ಬೋಲ್ಟಿನ ಹಾಗೆ ಮುಂದೆ ತಳ್ಳಿ ಕೂರಿಸಿದರೆ ರೀಫಿಲ್ ಹೊರಗೆ ಬರುತ್ತದೆ. ಹತ್ತು ಜನ ಆಡಿಸಿದರೆ ಒಬ್ಬರು ಕೊಳ್ಳಬಹುದು, ಆದರೆ ಆ ಆಡಿಸುವ ಸದ್ದೇ ಪಕ್ಕದಲ್ಲಿ ಹೋಗುವವರನ್ನು ನಿಲ್ಲಿಸುತ್ತದೆ. ಆಡಿಸಲೆಂದೇ ಒಂದನ್ನು ಹೊರಗಿಡಿ. ಸಂಜೆಯ ಹೊತ್ತಿಗೆ ಅದರ ಮೇಲಿನ ಲೇಪ ಸವೆದಿರುತ್ತದೆ, ಅದನ್ನು ಮಾರಬೇಡಿ.

ಹಾಗಾದರೆ ಸ್ಲಿಮ್‌ಲೈನ್ ಬೇಡವೇ ಬೇಡವೆ? ಕಡಿಮೆ ಬೆಲೆಯದು ಒಂದಿಷ್ಟು ಇರಲಿ ಅನ್ನುವುದಾದರೆ ಎಂಟೋ ಹತ್ತೋ ಇಟ್ಟುಕೊಳ್ಳಿ, ಪ್ರತಿಯೊಂದರ ಜೊತೆ ಎರಡು ರೀಫಿಲ್ ಕೊಡಿ, ಅದರ ದುಡ್ಡನ್ನು ಬೆಲೆಯಲ್ಲೇ ಸೇರಿಸಿ. ಜೋಡಿಸುವಾಗ, ರೀಫಿಲ್ ಒಳಹೊರಗೆ ಮಾಡುವ ತಿರುಗುವ ಯಂತ್ರವನ್ನು ಒಂದೇ ಸಲಕ್ಕೆ ಒತ್ತಬೇಡಿ. ಸ್ವಲ್ಪ ಒತ್ತಿ, ರೀಫಿಲ್ ಹಾಕಿ ನೋಡಿ, ಮತ್ತೆ ಸ್ವಲ್ಪ ಒತ್ತಿ. ಹೆಚ್ಚು ಒಳಗೆ ಹೋದರೆ ರೀಫಿಲ್ಲಿನ ಮುಳ್ಳು ಯಾವಾಗಲೂ ಹೊರಗೇ ಇಣುಕುತ್ತದೆ, ಅಂಗಿ ಜೇಬು ನೀಲಿಯಾಗುತ್ತದೆ. ಆಮೇಲೆ ಹಿಂದಿನಿಂದ ಸರಳು ಹಾಕಿ ಬಡಿದು ತೆಗೆಯಬೇಕು, ಅಷ್ಟರಲ್ಲಿ ಮರ ಬಿರಿಯುವ ಸಾಧ್ಯತೆಯೂ ಇದೆ.

ಸ್ಟಾಲಿನ ಬಾಡಿಗೆ ಹೇಳುವ ಲೆಕ್ಕ

ಸ್ಲಿಮ್‌ಲೈನ್ ಕಡಿಮೆ ಒಯ್ಯಿರಿ ಅನ್ನಲು ರೀಫಿಲ್ ಒಂದೇ ಕಾರಣವಲ್ಲ. ಕೆಳಗಿನ ಅಂಕಿಗಳು ಉದಾಹರಣೆಗೆ ಮಾತ್ರ; ನಿಮ್ಮ ಬಿಲ್ ನೋಡಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಸ್ಲಿಮ್‌ಲೈನ್: ಕಿಟ್ 160, ಮರ 40, ಅಂಟು ಪಾಲಿಶ್ 30, ಚೀಲ ಮತ್ತು ಚೀಟಿ 25, ಐವತ್ತು ನಿಮಿಷದ ಕೂಲಿ 170. ಅಸಲು 425. 600ಕ್ಕೆ ಮಾರಿದರೆ ಉಳಿಯುವುದು 175. ಮೇಲೆ ಹೇಳಿದ ಎರಡು ರೀಫಿಲ್ ಇನ್ನೂ ಸೇರಿಲ್ಲ.

ಸಿಯೆರಾ: ಕಿಟ್ 380, ಮರ 50, ಅಂಟು ಪಾಲಿಶ್ 30, ಚೀಲ ಚೀಟಿ 25, ಒಂದು ಗಂಟೆ ಕೂಲಿ 200. ಅಸಲು 685. 1,100ಕ್ಕೆ ಮಾರಿದರೆ ಉಳಿಯುವುದು 415.

ಎರಡು ದಿನದ ಸ್ಟಾಲಿಗೆ 7,000, ಓಡಾಟ ಊಟಕ್ಕೆ 1,800 ಅಂತ ಇಟ್ಟುಕೊಳ್ಳಿ. ಒಟ್ಟು 8,800. ಸಿಯೆರಾ ಆದರೆ 22 ಪೆನ್ನಿಗೆ ಖರ್ಚು ಹುಟ್ಟುತ್ತದೆ. ಸ್ಲಿಮ್‌ಲೈನ್ ಆದರೆ 51 ಪೆನ್ನು ಮಾರಬೇಕು. ದಿನಕ್ಕೆ ಎಂಟು ಗಂಟೆಯ ಮೇಳದಲ್ಲಿ 51 ಅಂದರೆ ಗಂಟೆಗೆ ಮೂರಕ್ಕಿಂತ ಹೆಚ್ಚು. ಪೆನ್ನು ಟೊಮೇಟೊ ಅಲ್ಲ. ಒಬ್ಬ ಗಿರಾಕಿ ಎತ್ತಿ, ಬರೆದು, ಗೀಚಿ, ಹೆಂಡತಿಗೋ ಗಂಡನಿಗೋ ತೋರಿಸಿ, "ಇದು ಯಾವ ಮರ?" ಎಂದು ಕೇಳಿ ಮುಗಿಸಲು ಹತ್ತು ನಿಮಿಷ ಬೇಕು. 600ರ ಪೆನ್ನಿಗೂ ಅದೇ ಹತ್ತು ನಿಮಿಷ, 1,100ರದಕ್ಕೂ ಅದೇ.

ಚೌಕಾಸಿ ಬಂದೇ ಬರುತ್ತದೆ. ಬೆಲೆ ಇಳಿಸುವ ಬದಲು ಒಂದು ರೀಫಿಲ್ ಹೆಚ್ಚಿಗೆ ಕೊಡಿ. ಒಬ್ಬರಿಗೆ ನೂರು ರೂಪಾಯಿ ಇಳಿಸಿದ್ದನ್ನು ಹಿಂದೆ ನಿಂತ ಮೂವರು ಕೇಳಿಸಿಕೊಂಡಿರುತ್ತಾರೆ.

ಮರ

ಇಲ್ಲಿ ಕನ್ನಡ ನಾಡಿನವರಿಗೆ ಒಂದು ಅನುಕೂಲ ಇದೆ. ಕಾಫಿ ಗಿಡದ ಕಟ್ಟಿಗೆ, ಹಲಸು, ಹುಣಸೆ, ತೆಂಗು, ಅಡಿಕೆ, ಎಲ್ಲವೂ ಕೈಗೆಟಕುತ್ತವೆ, ಪ್ರತಿಯೊಂದಕ್ಕೂ ಕೊಳ್ಳುವವರ ಮನೆಯಲ್ಲಿ ಒಂದು ನೆನಪು ಇರುತ್ತದೆ. "ಆಫ್ರಿಕಾದ ಮರ" ಎಂದರೆ ತಲೆಯಾಡಿಸಿ ಮುಂದೆ ಹೋಗುವವರು "ಚಿಕ್ಕಮಗಳೂರಿನ ಹಳೇ ಕಾಫಿ ಗಿಡ" ಎಂದರೆ ನಿಲ್ಲುತ್ತಾರೆ. ಆದರೆ ನೆನಪು ಚೆನ್ನಾಗಿದ್ದ ಮಾತ್ರಕ್ಕೆ ಮರ ಚೆನ್ನಾಗಿ ನಡೆದುಕೊಳ್ಳುವುದಿಲ್ಲ.

ಕಾಫಿ ಕಟ್ಟಿಗೆ ಗಟ್ಟಿ, ನಯವಾದ ಹೊಳಪು ಬರುತ್ತದೆ, ಬಿಳಿಚು ಬಣ್ಣ. ಒಣಗುವಾಗ ಬಿರಿಯುವ ಚಟ. ನಡುವಿನ ಬೆಂಡು ಒಳಗೆ ಉಳಿದಿದ್ದರೆ ಇಂದಲ್ಲ ನಾಳೆ ಸೀಳುವುದು ಖಂಡಿತ, ಆದ್ದರಿಂದ ಬೆಂಡನ್ನು ಬಿಟ್ಟು ಪಕ್ಕದಿಂದ 19 ಮಿ.ಮೀ. ಚೌಕ ಸಿಗುವಷ್ಟು ದಪ್ಪ ಕಾಂಡವನ್ನೇ ಹುಡುಕಿ. ಹಲಸು ಹೊಸದರಲ್ಲಿ ಅರಿಶಿನದ ಹಾಗೆ ಹಳದಿ. ಬೆಳಕು ತಾಗಿ ತಾಗಿ ಕಂದುತ್ತದೆ. ಹಳದಿ ನೋಡಿ ಕೊಂಡವರು ವರ್ಷದ ಮೇಲೆ "ಬಣ್ಣ ಹೋಯ್ತು" ಎಂದು ದೂರುತ್ತಾರೆ. ಹೊಸದೊಂದು, ಹಳೆಯದೊಂದು ಪಕ್ಕಪಕ್ಕ ಇಟ್ಟು ಮೊದಲೇ ತೋರಿಸಿಬಿಡಿ. ಹುಣಸೆಯ ಚೇಗು ಕಪ್ಪು-ನೇರಳೆ, ಸೊಗಸು, ಉಳಿಯ ಅಲಗು ಮಾತ್ರ ಬೇಗ ಮೊಂಡಾಗುತ್ತದೆ. ತೆಂಗಿನ ಮರದ ಹೊರಭಾಗ ಮಾತ್ರ ಪೆನ್ನಿಗೆ ಬರುವುದು, ಒಳಭಾಗ ಹಿಂಡಿಯ ಹಾಗೆ ಉದುರುತ್ತದೆ. ಅಡಿಕೆಯಲ್ಲಿ ಕಪ್ಪು ನಾರು ಚೆಲುವಾಗಿ ಕಾಣುತ್ತದೆ, ಆದರೆ ನಾರಿನ ನಡುವಿನ ಮೆದು ಭಾಗ ಕಿತ್ತು ಬರುತ್ತದೆ. ಕಡೆಯ 2 ಮಿ.ಮೀ. ಉಳಿದಾಗ ತೆಳು ಸೂಪರ್ ಗ್ಲೂ ಕುಡಿಸಿ, ಗಟ್ಟಿಯಾದ ಮೇಲೆ ಮುಂದುವರಿಸಬೇಕು.

ತೇಗ ಮತ್ತು ಬೀಟೆಯಲ್ಲಿ ಎಣ್ಣೆಯಂಶ ಇದೆ. ಲೇಪ ಹಾಕುವ ಮುಂಚೆ ಅಸಿಟೋನ್‌ನಿಂದ ಒರೆಸದಿದ್ದರೆ ಕೆಲವು ತಿಂಗಳಲ್ಲಿ ಲೇಪದ ಕೆಳಗೆ ಬಿಳಿ ಮಚ್ಚೆ ಏಳುತ್ತದೆ. ಬೀಟೆ, ಶ್ರೀಗಂಧ, ರಕ್ತಚಂದನದ ಬಿಲ್ಲಿಲ್ಲದ ತುಂಡು ಎಷ್ಟೇ ಅಗ್ಗವಾಗಿ ಬಂದರೂ ಮುಟ್ಟಬೇಡಿ. ಬೀಟೆಯ ಕುಲದ ಮರಗಳೆಲ್ಲ 2017ರ ಜನವರಿಯಿಂದ ಅಳಿವಿನಂಚಿನ ಗಿಡ-ಪ್ರಾಣಿಗಳ ವಿದೇಶಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ವಿದೇಶದಲ್ಲಿರುವ ಮಗನಿಗೆ ಕಳಿಸಬೇಕು ಅನ್ನುವ ಗಿರಾಕಿಗೆ ಬೀಟೆಯ ಬದಲು ಹುಣಸೆ ತೋರಿಸುವುದು ಇಬ್ಬರಿಗೂ ನೆಮ್ಮದಿ.

ಮೇಳದಲ್ಲಿ ಮಾರಿದ ಮರದ ಪೆನ್ನು ವಾಪಸ್ ಬರಲು ಮುಖ್ಯ ಕಾರಣ ಉದ್ದುದ್ದ ಬಿರುಕು. ಹಿತ್ತಾಳೆ ಟ್ಯೂಬು ಕುಗ್ಗುವುದಿಲ್ಲ, ಅದರ ಸುತ್ತ ಅಂಟಿದ ಮರ ಕುಗ್ಗುತ್ತದೆ, ದಾರಿ ಕಾಣದೆ ಸೀಳುತ್ತದೆ. ಆಗಸ್ಟಿನಲ್ಲಿ ಮಲೆನಾಡಿನ ತೇವದಲ್ಲಿ ಮಾಡಿ ಮಾರ್ಚಿನಲ್ಲಿ ಬೆಂಗಳೂರಿಗೋ ಕಲಬುರಗಿಗೋ ಒಯ್ದ ಪೆನ್ನಿಗೆ ಇದು ಬರುವುದು ಹೆಚ್ಚು. ಉಪಾಯ ಕಷ್ಟದ್ದಲ್ಲ. ಚೌಕ ಕತ್ತರಿಸಿ, ತೂತು ಕೊರೆದು, ಟ್ಯೂಬು ಅಂಟಿಸದೆ ಹಾಗೇ ಬಿಡಿ; ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ತುಂಡಿನ ಮೇಲೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ಎರಡು ಮೂರು ವಾರ ತೂಕ ಬದಲಾಗದಿದ್ದರೆ ಮುಂದಿನ ಕೆಲಸ. ಕೊರೆಯುವಾಗ ಪ್ರತಿ 10 ಮಿ.ಮೀ.ಗೆ ಬಿಟ್ ಹೊರಗೆಳೆದು ಪುಡಿ ತೆಗೆಯಿರಿ, ಇಲ್ಲದಿದ್ದರೆ ಕಾವಿಗೇ ಒಳಗಿನಿಂದ ಸಣ್ಣ ಬಿರುಕು ಬಿದ್ದು ಆಮೇಲೆ ದೊಡ್ಡದಾಗುತ್ತದೆ. ಟ್ಯೂಬನ್ನು 150 ನಂಬರ್ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡಿ. ಅಂಟಿಗೆ ಫೆವಿಕ್ವಿಕ್ ಜಾತಿಗಿಂತ ಅರಾಲ್ಡೈಟ್ ಮೇಲು, ಟ್ಯೂಬು ಅರ್ಧದಲ್ಲಿ ಹಿಡಿದುಕೊಳ್ಳುವುದಿಲ್ಲ, ಸಂದುಗಳನ್ನೂ ತುಂಬುತ್ತದೆ. ಬೆಲೆ, ಕಾಯುವ ಹೊತ್ತು ಎರಡೂ ಹೆಚ್ಚು, ಸರಿಯೆ.

ಲೇಪ ಮತ್ತು ಲೋಹದ ಬಣ್ಣ

ಅರಗಿನ ಪಾಲಿಶ್ ಲೇತಿನ ಮೇಲೆ ಎರಡು ನಿಮಿಷದಲ್ಲಿ ಕನ್ನಡಿಯಾಗುತ್ತದೆ. ಚನ್ನಪಟ್ಟಣದವರು ಆಲೆ ಮರದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ ತಿರುಗುವ ಕಾವಿಗೇ ಕರಗಿಸಿ ಹಚ್ಚುವ ಕೆಲಸವಂತೂ ನೋಡುವುದಕ್ಕೇ ಸೊಗಸು. ಬೊಂಬೆಗೆ ಅದು ಸರಿ. ದಿನವೂ ಬರೆಯುವ ಪೆನ್ನಿಗೆ ಅರಗಿನ ಎರಡು ದೋಷ ತೊಂದರೆ ಕೊಡುತ್ತವೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮೆದುವಾಗಿ ಬೆರಳಚ್ಚು ಹಿಡಿಯುತ್ತದೆ. ಸ್ಪಿರಿಟ್ಟಿನಲ್ಲಿ ಕರಗುವ ವಸ್ತುವಾದ್ದರಿಂದ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಹೊಳಪು ಮಂಕಾಗುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇಂಥ ಪೆನ್ನು ಮಾರುವುದು ಸರಿಯಲ್ಲ. ಅರಗಿನ ಬಣ್ಣ ಬೇಕೇ ಬೇಕು ಎಂದರೆ ಹಿಡಿಕೆ ಭಾಗ ಬಿಟ್ಟು ಮೇಲ್ಭಾಗಕ್ಕೆ ಮಾತ್ರ ಇರಲಿ. ಆಮೇಲೆ, ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಿ ಇದೆ, ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಹಚ್ಚಬೇಡಿ.

ಮಾರುವ ಪೆನ್ನಿಗೆ ತೆಳು ಸೂಪರ್ ಗ್ಲೂ ಲೇಪವೇ ಗಟ್ಟಿ. ಆರರಿಂದ ಎಂಟು ಪದರ, ಪದರದ ನಡುವೆ ಒಣಗಲು ಬಿಡುವು, ಕೊನೆಗೆ ನೀರು ಹಾಕಿ 12,000 ನಂಬರಿನವರೆಗೆ ಮೈಕ್ರೋ ಮೆಶ್ ಎಂಬ ಅತಿ ನಯದ ಉಜ್ಜುಹಾಳೆ. ಒಣಗುವ ಮುಂಚೆ ಮುಂದಿನ ಪದರ ಹಾಕಿದರೆ ಒಳಗೆ ಮೋಡ ಕವಿದ ಹಾಗೆ ಬಿಳಿಯಾಗುತ್ತದೆ. ಅದನ್ನು ಉಜ್ಜಿ ಸರಿಮಾಡಲು ಹೋಗದೆ ಪೂರ್ತಿ ತೆಗೆದು ಹೊಸದಾಗಿ ಹಚ್ಚಿ. ಕಿಟಕಿ ತೆರೆದಿರಲಿ, ಹೊಗೆ ಕಣ್ಣಿಗೆ ಉರಿ.

ಲೋಹದ ಭಾಗದಲ್ಲಿ ಕ್ರೋಮ್ ಮತ್ತು ಗನ್‌ಮೆಟಲ್ ಎರಡೇ ಸಾಕು. ಅಗ್ಗದ ಕಿಟ್‌ನ ಚಿನ್ನದ ಲೇಪ ಮೇಜಿನ ಮೇಲೆ ಎಲ್ಲಕ್ಕಿಂತ ಮೊದಲು ಕಣ್ಣು ಸೆಳೆಯುತ್ತದೆ, ಬೆವರುವ ಕೈಯಲ್ಲಿ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಮದುವೆ, ಉಪನಯನದ ಉಡುಗೊರೆಗೆ ಚಿನ್ನದ ಬಣ್ಣವೇ ಬೇಕೆನ್ನುವವರು ಇದ್ದೇ ಇರುತ್ತಾರೆ, ಅವರಿಗೆ ಟೈಟಾನಿಯಂ ನೈಟ್ರೈಡ್ ಲೇಪದ ಕಿಟ್ ನಾಲ್ಕೈದು ಇರಲಿ.

ಇಂಕ್ ಪೆನ್ನು ಒಯ್ಯಬೇಕೆ?

ಒಯ್ಯಿರಿ, ಆದರೆ ಯಾರಿಗೆ ಎಂದು ತಿಳಿದು ಒಯ್ಯಿರಿ. ಇಂಕ್ ಪೆನ್ನಿನ ಹುಚ್ಚಿರುವವರು ರಾಜಮಹೇಂದ್ರಿಯ ರತ್ನಂ, ತಿರುವಳ್ಳೂರಿನ ರಂಗ, ಚೆನ್ನೈನ ಆಸಾ ಇಂಥವರ ಎಬೊನೈಟ್ ಪೆನ್ನು ಕಂಡವರು. ಕಿಟ್‌ನಿಂದ ಮಾಡಿದ, ಐದನೇ ನಂಬರಿನ ಚಿಕ್ಕ ನಿಬ್ಬಿನ ಪೆನ್ನನ್ನು ಅದೇ ಬೆಲೆಗೆ ಇಟ್ಟರೆ ಕ್ಲಿಪ್ ನೋಡಿಯೇ ಕಿಟ್ ಎಂದು ಗುರುತಿಸಿ ಮುಗುಳ್ನಕ್ಕು ಹೋಗುತ್ತಾರೆ. ಅವರಿಗಾಗಿ ಮಾಡುವುದಾದರೆ ಕಿಟ್ ಇಲ್ಲದೆ, ಎಬೊನೈಟ್ ಸರಳಿನಿಂದಲೇ ತಿರುಪು ಕೊರೆದು ಮಾಡಬೇಕು, ಕಾನ್ಪುರದ ಕ್ಯಾನ್‌ರೈಟ್‌ನಂಥವರ 35 ಮಿ.ಮೀ. ನಿಬ್ಬು ಹಾಕಬೇಕು. ಅದು ವಾರಕ್ಕೆ ಎರಡು ಮೂರು ಆಗುವ ಕೆಲಸ. ಕಿಟ್‌ನ ಇಂಕ್ ಪೆನ್ನು ಕೊಳ್ಳುವವರು ಬೇರೆ: ಅಪ್ಪ ಬರೆಯುತ್ತಿದ್ದರು, ಮೇಷ್ಟ್ರಿಗೆ ಕೊಡಬೇಕು ಅನ್ನುವವರು.

ಎಬೊನೈಟ್ ಎಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರ್. ಬಿಸಿಲಿಗೆ ಇಟ್ಟರೆ ಕಪ್ಪು ಮಾಸಿ ಕಂದು-ಹಸಿರು ತಿರುಗುತ್ತದೆ, ಸ್ಟಾಲಿನ ನೆರಳು ಮಧ್ಯಾಹ್ನ ಎಲ್ಲಿಗೆ ಸರಿಯುತ್ತದೆ ಎಂದು ಬೆಳಿಗ್ಗೆಯೇ ನೋಡಿಕೊಳ್ಳಿ. ಬೆಳ್ಳಿ ಕ್ಲಿಪ್ಪಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ.

ಹೊಸಬರಿಗೆ ಡ್ರಾಪರ್‌ನಿಂದ ಹೊಟ್ಟೆಗೇ ಇಂಕು ತುಂಬುವ ಪೆನ್ನು ಕೊಡಬೇಡಿ. ಇಂಕು ಕಾಲು ಭಾಗಕ್ಕೆ ಇಳಿದ ಮೇಲೆ ಕೈಯ ಕಾವಿಗೆ ಒಳಗಿನ ಗಾಳಿ ಹಿಗ್ಗಿ ನಿಬ್ಬಿನಿಂದ ಇಂಕು ಜಿನುಗುತ್ತದೆ. ಬಲ್ಲವರು ಆಗ ಮತ್ತೆ ತುಂಬಿಕೊಳ್ಳುತ್ತಾರೆ. ಅರಿಯದವರು ಪೆನ್ನು ಸೋರುತ್ತದೆ ಎಂದು ನಿಮಗೆ ಫೋನ್ ಮಾಡುತ್ತಾರೆ. ಕನ್ವರ್ಟರ್ (ಇಂಕು ಹೀರಿ ಹಿಡಿದಿಡುವ, ಬಿಚ್ಚಿ ತೆಗೆಯಬಹುದಾದ ಕೊಳವೆ) ಹಾಕಿಯೇ ಕೊಡಿ.

ನಿಬ್ಬಿನ ವಿಷಯದಲ್ಲಿ ಫೈನ್ ಹೆಚ್ಚು, ಮೀಡಿಯಂ ಕಡಿಮೆ, ಬ್ರಾಡ್ ಒಂದೇ ಒಂದು. ಕನ್ನಡ ಬರೆಯುವವರಿಗೆ ಇದು ಇನ್ನಷ್ಟು ಸತ್ಯ. ಸಾಮಾನ್ಯ ಗೆರೆಯ ನೋಟ್‌ಬುಕ್ಕಿನಲ್ಲಿ "ಸ್ತ್ರೀ", "ರಾಷ್ಟ್ರ" ಬರೆದು ನೋಡಿ: ಬ್ರಾಡ್ ನಿಬ್ಬಿನಲ್ಲಿ ಸುಳಿಗಳು ಮುಚ್ಚಿಹೋಗುತ್ತವೆ, ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಗಿರಾಕಿಗೆ ಬರೆದು ನೋಡಲು ಕೊಡುವ ಕಾಗದದ ಮೇಲೆ ಒತ್ತಕ್ಷರದ ಪದ ನಾಲ್ಕೈದು ನೀವೇ ಬರೆದಿಡಿ, ಅವರೂ ಅದನ್ನೇ ಬರೆಯುತ್ತಾರೆ. ಇಲ್ಲದಿದ್ದರೆ ಎಲ್ಲರೂ ಸಹಿ ಮಾತ್ರ ಮಾಡುತ್ತಾರೆ, ಸಹಿಯಲ್ಲಿ ಯಾವ ನಿಬ್ಬಾದರೂ ಚೆನ್ನಾಗಿಯೇ ಕಾಣುತ್ತದೆ. ಮಾರುವ ಪೆನ್ನಿಗೆ ಇಂಕು ಮುಟ್ಟಿಸಬೇಡಿ. ಪ್ರತಿ ನಿಬ್ಬಿಗೆ ಒಂದು ಪರೀಕ್ಷೆಯ ಪೆನ್ನು, ತೊಳೆದರೆ ಹೋಗುವ ನೀಲಿ ಇಂಕು, ಒಂದು ಒದ್ದೆ ಬಟ್ಟೆ. ದವಾತಿಯನ್ನು ಮೇಜಿನ ಮೇಲಲ್ಲ, ಕೆಳಗೆ ಡಬ್ಬಿಯಲ್ಲಿ. ಪಕ್ಕದ ಸ್ಟಾಲಿನಲ್ಲಿ ಕೈಮಗ್ಗದ ಸೀರೆ ಇರಬಹುದು.

ಎಷ್ಟು, ಎಲ್ಲಿಗೆ

ಎರಡು ದಿನದ ಮೇಳಕ್ಕೆ 60 ಪೆನ್ನು ಎಂದಿಟ್ಟುಕೊಂಡರೆ ಸಿಯೆರಾ 20, ಸಿಗಾರ್ 12, ಬೋಲ್ಟ್ ಆಕ್ಷನ್ 8, ಇಂಕ್ ಪೆನ್ನು 8, ಸ್ಲಿಮ್‌ಲೈನ್ 8, ಉಳಿದ 4 ಕೇವಲ ಜನ ನಿಲ್ಲಿಸಲು: ರೆಸಿನ್ನಿನಲ್ಲಿ ಏನಾದರೂ ಹುದುಗಿಸಿದ್ದು, ಕೆತ್ತಿದ್ದು. ಆ ನಾಲ್ಕಕ್ಕೆ ದೊಡ್ಡ ಬೆಲೆ ಹಾಕಿ, ಹೋದರೆ ಹೋಯಿತು. ಮೇಜಿನ ಮೇಲೆ ಒಂದು ಸಲಕ್ಕೆ 35 ಮೀರದಿರಲಿ. ಹತ್ತು ಒಂದೇ ಥರದ್ದು ಕಂಡರೆ ಕಾರ್ಖಾನೆಯ ಮಾಲು ಅನ್ನಿಸುತ್ತದೆ.

ಚಿತ್ರಕಲಾ ಪರಿಷತ್ತಿನ ಆವರಣದ ಕರಕುಶಲ ಮೇಳಕ್ಕೂ ಅಪಾರ್ಟ್‌ಮೆಂಟಿನ ಭಾನುವಾರದ ಸಂತೆಗೂ ಒಂದೇ ಪೆಟ್ಟಿಗೆ ಒಯ್ಯಬೇಡಿ. ಅಪಾರ್ಟ್‌ಮೆಂಟಿನಲ್ಲಿ ಮಕ್ಕಳೇ ಮೊದಲ ಗಿರಾಕಿ, ಬೋಲ್ಟ್ ಮತ್ತು ಬಣ್ಣದ ಅಕ್ರಿಲಿಕ್ ನಡೆಯುತ್ತದೆ. ಸಾಹಿತ್ಯ ಸಮ್ಮೇಳನದ ಮಳಿಗೆಗೆ ಇಂಕ್ ಪೆನ್ನು ಹೆಚ್ಚಿಸಿ, ಬೋಲ್ಟ್ ಮನೆಯಲ್ಲಿಡಿ. ಸೆಪ್ಟೆಂಬರ್ 5ರ ಶಿಕ್ಷಕರ ದಿನ, ಆಯುಧಪೂಜೆ, ನವೆಂಬರ್ 1, ಈ ಎರಡು ತಿಂಗಳ ಮೇಳಗಳಿಗೆ ಜೂನಿನಲ್ಲೇ ಮರ ಕೊರೆದಿಟ್ಟಿರಬೇಕು, ಆದರೆ ಮಳೆಗಾಲದ ತೇವದಲ್ಲಿ ಟ್ಯೂಬು ಅಂಟಿಸಲು ಅವಸರ ಬೇಡ. ಹಳದಿ-ಕೆಂಪು ರೆಸಿನ್ ಪೆನ್ನು ನವೆಂಬರಿಗೆ ಮಾತ್ರ, ಡಿಸೆಂಬರಿನಲ್ಲಿ ಅದನ್ನು ಕೇಳುವವರಿಲ್ಲ.

ಹೆಸರು ಕೆತ್ತಿಸಿ ಕೊಡುವುದಾದರೆ ಅಲ್ಲೇ ಒಪ್ಪಿಕೊಂಡು ಆಮೇಲೆ ಕಳಿಸಿ. ಲೇಸರ್ ತಂತ್ರಾಂಶದಲ್ಲಿ ಕನ್ನಡ ಒತ್ತಕ್ಷರ ಒಡೆದು ಬರುವುದುಂಟು, ಅಕ್ಷರವನ್ನು ಚಿತ್ರವಾಗಿ ಬದಲಿಸಿಯೇ ಕೊಡಬೇಕು, 3 ಮಿ.ಮೀ.ಗಿಂತ ಚಿಕ್ಕದಾದರೆ ಒತ್ತು ಚುಕ್ಕೆಯಾಗುತ್ತದೆ. ಗಿರಾಕಿಯಿಂದಲೇ ಹೆಸರು ಬರೆಸಿಕೊಂಡು ಪೂರ್ತಿ ಹಣ ಮೊದಲೇ ತೆಗೆದುಕೊಳ್ಳಿ. "ಚೈತ್ರ" ಎಂದು ಕೆತ್ತಿದ ಪೆನ್ನನ್ನು "ಚೈತ್ರಾ" ತೆಗೆದುಕೊಳ್ಳುವುದಿಲ್ಲ.

ಮೇಳ ಮುಗಿದ ಮೇಲೆ ಉಳಿದ ಪೆನ್ನುಗಳನ್ನು ನೇರ ಮುಂದಿನ ಪೆಟ್ಟಿಗೆಗೆ ತುಂಬಬೇಡಿ. ಎರಡು ದಿನ ಬಿಸಿಲು, ನೂರು ಕೈ ಕಂಡಿವೆ. ವಾರ ಬಿಟ್ಟು ಒಂದೊಂದನ್ನೂ ಬೆಳಕಿಗೆ ಹಿಡಿದು ಕ್ಲಿಪ್ಪಿನ ಬುಡದಲ್ಲಿ, ಮರ ಲೋಹಕ್ಕೆ ಸೇರುವ ಅಂಚಿನಲ್ಲಿ ಕೂದಲೆಳೆ ಬಿರುಕಿದೆಯೇ ನೋಡಿ, ರೀಫಿಲ್ ತೆಗೆದು ಗೀಚಿ ಒಣಗಿದ್ದರೆ ಬದಲಿಸಿ.